ಕಳಸಗಿತ್ತಿಯ ಫೋಟೊ

ಮೂರ್ತಪ್ಪನವರು ಒಮ್ಮೆ ಮಾತು ಕೊಟ್ಟರೆ ಮುಗಿಯಿತು, ಅದನ್ನು ಉಳಿಸಿಕೊಳ್ಳುವ ಪಾಡು ಮನೆಯವರದ್ದು. ಯುಗಾದಿ ಮುಗಿದ ಮರುವಾರ ಹಿರಿಯೂರಿನಲ್ಲಿ ಸೊಸೆಯ ತಂಗಿ ಪಲ್ಲವಿಯ ನಿಶ್ಚಯಕ್ಕೆ ಹೋದವರು, ಹೋಳಿಗೆ ಊಟ ಮುಗಿಸಿ ಎಲೆಅಡಿಕೆ ಕೈಗೆ ಬಂತೋ ಇಲ್ಲವೋ, ಎರಡೂ ಕಡೆಯ ಹಿರಿಯರ ಮುಂದೆ ಹೇಳಿಬಿಟ್ಟರು.

"ಫೋಟೊದೋರನ್ನ ಹುಡುಕೋಕೆ ಹೋಗ್ಬೇಡ್ರಿ ಮುರುಗಪ್ಪನೋರೆ. ರಿಸೆಪ್ಷನ್ನು, ಮದುವೆ ಎರಡೂ ನಂದೇ. ನಮ್ಮನೆ ಮುಯ್ಯಿ ಅಂತ ತಿಳ್ಕಳ್ರಿ. ನಾನೇ ನಿಂತು ತೆಗಿತೀನಿ."

ಮುರುಗಪ್ಪನವರಿಗೆ ಕಣ್ಣಲ್ಲಿ ನೀರೇ ಬಂತು. ಹಿರಿಮಗಳನ್ನು ಕೊಟ್ಟ ಮನೆ ಹೀಗೆ ಕೈಹಿಡಿದು ನಡೆಸುತ್ತದೆ ಅಂದರೆ ಯಾವ ತಂದೆಗೆ ಖುಷಿಯಾಗುವುದಿಲ್ಲ? ಆದರೆ ಆ ಹಿರಿಮಗಳು ಹೇಮಾವತಿ, ಕೈಯಲ್ಲಿ ಮಜ್ಜಿಗೆ ಜಗ್ಗು ಹಿಡಿದು ಬಾಗಿಲಲ್ಲಿ ನಿಂತಿದ್ದವಳು, ಮಾವ "ನಾನೇ" ಅಂದದ್ದನ್ನು ಕೇಳಿ ಅಲ್ಲೇ ತಣ್ಣಗಾದಳು.

ಯಾಕೆಂದರೆ ಮಾವನಿಗೆ ಕಣ್ಣು ಕಾಣುತ್ತಿರಲಿಲ್ಲ.

ಪೂರ್ತಿ ಕಾಣುತ್ತಿರಲಿಲ್ಲ ಅಂತಲ್ಲ. ನಡೆದಾಡುತ್ತಿದ್ದರು, ಹೊಸದುರ್ಗದ ಬಸ್‌ಸ್ಟ್ಯಾಂಡ್ ಹಿಂದಿನ ತಮ್ಮ ಸ್ಟುಡಿಯೋದ ಷಟರ್ ಎತ್ತುತ್ತಿದ್ದರು, ದಾರಿಯಲ್ಲಿ ಹೋಗುವವರನ್ನು ದನಿಯಿಂದಲೇ ಗುರುತು ಹಿಡಿದು ಮಾತಾಡಿಸುತ್ತಿದ್ದರು. ಆದರೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಈಗಿನ ಕ್ಯಾಮೆರಾಗಳು ಮುಖವನ್ನು ತಾವೇ ಹುಡುಕಿಕೊಳ್ಳುತ್ತವೆ, ಲೆನ್ಸಿನ ಪಕ್ಕದ ಸಣ್ಣ ಸ್ವಿಚ್ಚನ್ನು ಮೇಲಕ್ಕೆ ತಳ್ಳಿದರೆ ಸಾಕು. ಮೂರ್ತಪ್ಪನವರು ಒಪ್ಪಬೇಕಲ್ಲ! ಮೂವತ್ತಾರು ವರ್ಷದಿಂದ, ರೀಲಿನ ಕಾಲದಿಂದ, ಲೆನ್ಸನ್ನು ಬೆರಳಲ್ಲಿ ತಿರುಗಿಸಿ ಫೋಕಸ್ ಮಾಡಿದವರು ಅವರು. "ಮಿಷಿನ್ನು ನೋಡಿ ತೆಗ್ಯೋದಾದ್ರೆ ನಾನ್ಯಾಕೆ, ಸ್ಟ್ಯಾಂಡಿಗೆ ಕಟ್ಟಿ ಊಟಕ್ಕೆ ಹೋಗಾಣ" ಅನ್ನುತ್ತಿದ್ದರು. ಹೇಮಾವತಿ ಪ್ರತಿ ಮದುವೆಗೂ ಮುಂಚೆ ಕದ್ದು ಆ ಸ್ವಿಚ್ಚನ್ನು ಮೇಲೆ ತಳ್ಳುವುದು, ಅವರು ಬೆರಳಲ್ಲಿ ತಡವಿ ಮತ್ತೆ ಕೆಳಕ್ಕೆಳೆಯುವುದು. ಇದು ನಡೆದೇ ಇತ್ತು.

ಮೊದಲು ಗೊತ್ತಾದದ್ದೂ ಅವಳಿಗೇ. ಆಲ್ಬಂ ಕೆಲಸವೆಲ್ಲ ಅವಳದ್ದು; ಒಲೆಯ ಮೇಲೆ ಸಾರಿಟ್ಟು ನಡುಮನೆಯ ಕಂಪ್ಯೂಟರಿನ ಮುಂದೆ ಕೂರುವವಳು. ಒಂದೂವರೆ ವರ್ಷದ ಹಿಂದೆ ಒಂದು ದಿನ ಮಾವನ ಕ್ಯಾಮೆರಾದ ಮೆಮೊರಿ ಕಾರ್ಡು ಹಾಕಿದರೆ, ಮದುಮಗಳ ಮೂಗಿನ ಜಾಗದಲ್ಲಿ ಮಂಜು. ಲೆನ್ಸು ಕೆಟ್ಟಿದೆ ಅಂದುಕೊಂಡಳು. ಮುಂದಿನ ಮದುವೆಯಲ್ಲೂ ಹಾಗೇ. ಆಮೇಲೆ ಅರ್ಥವಾಯಿತು. ಅಂದಿನಿಂದ, "ಹೆಂಗಸರ ಕಡೆ ನಾನೂ ಒಂದೆರಡು ತೆಗಿತೀನಿ ಮಾವ" ಅಂತ ಎರಡನೇ ಕ್ಯಾಮೆರಾ ಹಿಡಿದು ಹೋಗತೊಡಗಿದಳು. ಬಂದ ಮೇಲೆ ಮಾವನ ಮಸುಕು ಫೋಟೊಗಳನ್ನೆಲ್ಲ ಒಟ್ಟಿಗೆ ಆರಿಸಿ ಅಳಿಸುವುದು, ತನ್ನವನ್ನು ಆಲ್ಬಮ್ಮಿಗೆ ಹಾಕುವುದು. ಹೊಳಲ್ಕೆರೆಯ ಒಂದು ಮದುವೆಯಲ್ಲಿ ಹೀಗೆ ಅಳಿಸಿದವೇ ಇನ್ನೂರು ಚಿಲ್ಲರೆ. ಆಲ್ಬಂ ಅಚ್ಚಾಗಿ ಬಂದಾಗ ಮೂರ್ತಪ್ಪನವರು ಪುಟವನ್ನು ಕಣ್ಣಿನ ಹತ್ತಿರಕ್ಕೆ ತಂದು, "ನೋಡಿಲ್ಲಿ, ಬೆಳಕು ಹೆಂಗೆ ಬಿದ್ದೈತೆ. ಕೈ ಇನ್ನೂ ಹೋಗಿಲ್ಲ ಕಣಮ್ಮ" ಅನ್ನುತ್ತಿದ್ದರು. ಹೇಮಾವತಿ "ಹೂಂ ಮಾವ" ಅನ್ನುತ್ತಿದ್ದಳು. ಒಂದು "ಹೂಂ" ಅನ್ನುವುದು ಸುಲಭ. ಒಂದೂವರೆ ವರ್ಷ ಅಂದ ಮೇಲೆ ಅದರಿಂದ ಹೊರಗೆ ಬರುವ ಬಾಗಿಲು ಅವಳಿಗೆ ಸಿಗಲಿಲ್ಲ.

ನಿಶ್ಚಯದಿಂದ ಬಂದ ಮಾರನೇ ದಿನ ಮಧ್ಯಾಹ್ನ, ಗಂಡ ಚೇತನ್‌ಕುಮಾರನ ತಟ್ಟೆಗೆ ಮುದ್ದೆ ಹಾಕುತ್ತಾ ಅವಳು ಮಾತು ತೆಗೆದಳು.

"ಪಲ್ಲವಿ ಮದುವೆಗೆ ನೀವೇ ಬರ್ರಿ. ಮಾವ ಒಬ್ರಿಂದ ಆಗಲ್ಲ."

"ಅವತ್ತೇ ದುರ್ಗದ ಮದುವೆ ಐತಲ್ಲ. ಸಂಕ್ರಾಂತಿಗೇ ಒಪ್ಕೊಂಡಿದ್ದು. ಡ್ರೋನು, ವೀಡಿಯೋ ಎಲ್ಲ ಹೇಳಿದೀನಿ."

"ಹಂಗಾದ್ರೆ ಬೇರೆ ಯಾರ್‍ನಾದ್ರೂ ಹಿರಿಯೂರಿಗೆ ಕಳ್ಸಿ."

"ಆ ಮುಹೂರ್ತಕ್ಕೆ ಜಿಲ್ಲೆನಾಗೆ ಕ್ಯಾಮೆರಾ ಹಿಡಿಯೋನು ಒಬ್ಬ ಖಾಲಿ ಇದ್ರೆ ಹೇಳು. ಇದ್ರೂನೂ, ಅಪ್ಪ ಯಾಕೆ ಅಂತ ಕೇಳಿದ್ರೆ ಏನು ಹೇಳ್ಲಿ?"

"ಇದ್ದದ್ದು ಹೇಳ್ರಿ."

ಚೇತನ್ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ, ನುಂಗಿ, ಆಮೇಲೆ ಹೇಳಿದ. "ನಂಗೂ ಗೊತ್ತೈತೆ ಹೇಮಾ. ಹೇಳೋರು ಯಾರು? ನೀನು ಹೇಳ್ತೀಯಾ?"

ಅವಳು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಅಡುಗೆಮನೆಯಲ್ಲಿ ಅತ್ತೆ ಏಕಾಂತಮ್ಮ ಹಪ್ಪಳದ ಹಿಟ್ಟು ಕುಟ್ಟುತ್ತಿದ್ದರು. ಎಲ್ಲ ಕೇಳಿಸಿತ್ತು. "ನೆನ್ನೆ ಕಾಫಿ ಲೋಟದ ಪಕ್ಕಕ್ಕೆ ಸಕ್ಕರೆ ಹಾಕಿದ್ರು ಕಣವ್ವ" ಅಂದರು ತಲೆ ಎತ್ತದೆ. "ನಾನು ಒರೆಸ್ದೆ. ದುರ್ಗದ ಕಣ್ಣಾಸ್ಪತ್ರೆನಾಗೆ ಆಷಾಢಕ್ಕೆ ಆಪರೇಷನ್ನು ಅಂತ ಹೆಂಗೋ ಒಪ್ಸಿದೀವಿ. ಸೀಸನ್ ಮುಗಿಯೋವರ್ಗೂ ಒಂದು ಹೆಜ್ಜೆನೂ ಇಡಲ್ಲ ಅಂತಾರೆ. ಈಗೇನಾದ್ರೂ ಅಂದ್ರೆ ಅದಕ್ಕೂ ಹಟ ಹಿಡೀತಾರೆ. ಇನ್ನೆರಡು ತಿಂಗ್ಳು ತಡ್ಕೋ."

ಎರಡು ತಿಂಗಳು ತಾನೇ. ಹೇಮಾವತಿ ತಡೆದುಕೊಳ್ಳುವುದರಲ್ಲಿ ಪಳಗಿದವಳು. ತಂಗಿಯ ಮದುವೆಗೂ ಕ್ಯಾಮೆರಾ ಹಿಡಿದರಾಯಿತು, ಅದೇನು ಭಾರವೇ ಅಂದುಕೊಂಡಳು. ಆದರೆ ಪಲ್ಲವಿ ಬಿಡಬೇಕಲ್ಲ.

ಏಪ್ರಿಲ್ ಕೊನೆಯಲ್ಲಿ ಮಾರಿಕಣಿವೆಯ ಅಣೆಕಟ್ಟಿನ ಹತ್ತಿರ ಮದುವೆಗೆ ಮುಂಚಿನ ಫೋಟೊಗಳನ್ನು ತೆಗೆಯಲು ಹೇಮಾವತಿಯೇ ಹೋಗಿದ್ದಳು. ಬೆಳಿಗ್ಗೆ ಎಂಟಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಮದುಮಗ ನಾಗರಾಜ್ ಕರೆಂಟ್ ಆಫೀಸಿನಲ್ಲಿ ಕೆಲಸಕ್ಕಿದ್ದವನು, ನಗು ಅಂದರೆ ಹಲ್ಲು ಕಚ್ಚುವುದು ಅಂತ ತಿಳಿದಿದ್ದ. ಅವನನ್ನು ನಗಿಸಿ ನಗಿಸಿ ಅಕ್ಕ-ತಂಗಿಯರೇ ಸುಸ್ತಾಗಿ ಮರದಡಿ ಕೂತು, ಕಟ್ಟಿಕೊಂಡು ಬಂದಿದ್ದ ಮಂಡಕ್ಕಿ ಬಿಚ್ಚಿದರು.

"ಅಕ್ಕ, ನನ್ನ ಕಳಸಗಿತ್ತಿ ನೀನೇ" ಅಂದಳು ಪಲ್ಲವಿ.

ಕಳಸಗಿತ್ತಿ ಅಂದರೆ ಮದುಮಗಳ ಪಕ್ಕದಲ್ಲೇ ತುಂಬಿದ ಕಳಸ ಹಿಡಿದು ನಿಲ್ಲುವವಳು. ತಾಳಿ ಕಟ್ಟಿ ಮುಗಿಯುವವರೆಗೂ ಕಳಸ ಕೆಳಗಿಡುವಂತಿಲ್ಲ, ಪಕ್ಕ ಬಿಟ್ಟು ಹೋಗುವಂತಿಲ್ಲ.

"ಚಿಕ್ಕಮ್ಮನ ಮಗಳನ್ನ ನಿಲ್ಲಿಸ್ಕೊಳೆ. ನಂಗೆ ಕ್ಯಾಮೆರಾ ಕೆಲಸ ಐತೆ."

"ನಿಮ್ಮ ಮಾವ ತೆಗಿತೀನಿ ಅಂದವ್ರಲ್ಲ. ಒಂದೂವರೆ ವರ್ಷ ಆತು ಅಕ್ಕ, ನಮ್ಮ ಕಡೆ ಯಾವ ಮದುವೆಗೆ ಬಂದ್ರೂ ನೀನು ಕ್ಯಾಮೆರಾ ಹಿಂದೆನೇ. ಅಮ್ಮ ಇದ್ದಿದ್ರೆ ಅಮ್ಮ ಪಕ್ಕದಾಗಿರ್ತಿದ್ಲು. ಅಮ್ಮ ಇಲ್ಲ. ನೀನಾದ್ರೂ ನಿಂತ್ಕೋ. ನಾನು ಇನ್ನೇನೂ ಕೇಳಲ್ಲ."

ತಾಯಿ ಇಲ್ಲದ ತಂಗಿ ಹೀಗಂದ ಮೇಲೆ ಏನು ಹೇಳುವುದು? ಹೇಮಾವತಿ ಮಂಡಕ್ಕಿಯ ಖಾರ ಕಣ್ಣಿಗೆ ಹತ್ತಿತು ಅಂತ ಸೆರಗಿನಲ್ಲಿ ಒರೆಸಿಕೊಂಡಳು. "ಆತು ನಿಂತ್ಕತೀನಿ" ಅಂದಳು. ಅಂದ ಮೇಲೆ ಅವಳಿಗೂ ಆಸೆ ಹುಟ್ಟಿತು. ಹಸಿರು ರೇಷ್ಮೆ ಸೀರೆ ತೆಗೆಸಿಟ್ಟಳು, ರವಿಕೆ ಹೊಲಿಯಲು ಕೊಟ್ಟಳು. ಮನೆಯಲ್ಲಿ ಹೇಳಿದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ಮೂರ್ತಪ್ಪನವರೇ.

"ನಿಂತ್ಕಳಮ್ಮ, ನಿಂತ್ಕೋ. ಚೇತು ಮದುವೆ ಆಲ್ಬಮ್ಮಿನಾಗೆ ನಾನೇ ಇಲ್ಲ, ನೋಡಿದೀಯಲ್ಲ? ಹುಡುಗನ ಅಪ್ಪ ಎಲ್ಲಿ ಅಂತ ಕೇಳ್ತಾರೆ ಜನ. ತೆಗೆದೋನೇ ಅವನು ಕಣ್ರಯ್ಯ ಅಂತೀನಿ. ಆ ಕತೆ ನಿಂಗೆ ಬ್ಯಾಡ. ನಿನ್ನ ಫೋಟೊ ನಾನು ತೆಗಿತೀನಿ, ಗೋಡೆಗೆ ಹಾಕೋ ಅಂಥದ್ದು."

ಏಕಾಂತಮ್ಮ ಸೊಸೆಯ ಮುಖ ನೋಡಿದರು. ಸೊಸೆ ಅತ್ತೆಯ ಮುಖ ನೋಡಿದಳು. ಇಬ್ಬರೂ ಹಪ್ಪಳ ತಿರುವಿಹಾಕಲು ಮಹಡಿಗೆ ಹೋದರು.

ಮೇ ತಿಂಗಳ ಮಧ್ಯದಲ್ಲಿ ಮದುವೆ. ಹಿಂದಿನ ದಿನ ಸಂಜೆ ರಿಸೆಪ್ಷನ್. ಹಿರಿಯೂರಿನ ಛತ್ರದಲ್ಲಿ ಫ್ಯಾನುಗಳು ಬಿಸಿಗಾಳಿಯನ್ನೇ ಸುತ್ತಿಸಿ ಸುತ್ತಿಸಿ ಜನರ ಮೇಲೆ ಬಿಡುತ್ತಿದ್ದವು. ಯಾರಿಗೆ ಅದರ ಪರಿವೆ! ವೇದಿಕೆಗೆ ಸಾಲುಗಟ್ಟಿದವರ ಕೈಯಲ್ಲಿ ಉಡುಗೊರೆ ಪೊಟ್ಟಣ, ಹಣೆಯಲ್ಲಿ ಬೆವರು. ಐಸ್‌ಕ್ರೀಮಿನ ಹತ್ತಿರ ಮಕ್ಕಳಿಗಿಂತ ಮುದುಕರ ನೂಕಾಟ ಜಾಸ್ತಿ. ನಾಗರಾಜನ ಆಫೀಸಿನವರು ಕಂಬ ಹತ್ತುವ ಹಗ್ಗದಲ್ಲಿ ಹಾರ ಮಾಡಿ ತಂದು ಅವನ ಕೊರಳಿಗೆ ಹಾಕಿದರು, ಆಗ ಅವನು ಜೀವಮಾನದಲ್ಲೇ ಮೊದಲ ಸಲ ಬಾಯಿತುಂಬ ನಕ್ಕ. ಹೇಮಾವತಿ ಅದನ್ನು ಹಿಡಿದಳು. ಹಾಡು ಹಾಕಿದಾಗ ಮುರುಗಪ್ಪನವರ ತಂಗಿ, ಅರವತ್ತರ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಣಿದದ್ದನ್ನೂ ಹಿಡಿದಳು.

"ಏನೇ ಹೇಮಾ, ತಂಗಿ ಮದುವೆಗೆ ಕೂಲಿಗೆ ಬಂದೀಯಾ?" ಅಂತ ಆಕೆಯೇ ರೇಗಿಸಿದರು.

ಮನೆಯವರೆಲ್ಲ ಒಟ್ಟಿಗೆ ನಿಂತಾಗ ಪಲ್ಲವಿ ಮೇಲಿನಿಂದ ಕೈ ಬೀಸಿದಳು. "ಬಾ ಅಕ್ಕ, ನೀನೊಬ್ಳೇ ಇಲ್ಲ."

"ನಾಳೆ ಎಲ್ಲದ್ರಾಗೂ ನಾನೇ ಇರ್ತೀನಲ್ಲ" ಅಂದಳು ಹೇಮಾವತಿ, ಬಟನ್ ಒತ್ತುತ್ತಾ.

ಬೆಳಿಗ್ಗೆ ಹಸಿರು ಸೀರೆ ಉಟ್ಟು, ಮಲ್ಲಿಗೆ ಮುಡಿದು, ಹೊರಡುವ ಮುನ್ನ ಮಾವನ ಬ್ಯಾಗು ತೆರೆದು ಲೆನ್ಸಿನ ಸ್ವಿಚ್ಚನ್ನು ಮೇಲಕ್ಕೆ ತಳ್ಳಿದಳು. ಈ ಸಲ ಅದರ ಮೇಲೆ ಕಪ್ಪು ಟೇಪೂ ಅಂಟಿಸಿದಳು. ಆಮೇಲೆ ಚಿಕ್ಕಮ್ಮ ತಂದುಕೊಟ್ಟ ಕಳಸವನ್ನು ಎರಡೂ ಕೈಯಲ್ಲಿ ಹಿಡಿದು, ತಂಗಿಯ ಜೊತೆ ಮಂಟಪಕ್ಕೆ ನಡೆದಳು. ಹಿತ್ತಾಳೆ ತಣ್ಣಗಿತ್ತು. ಒಂದೂವರೆ ವರ್ಷದಲ್ಲಿ ಮೊದಲ ಸಲ ಮದುವೆಯೊಂದರಲ್ಲಿ ಅವಳ ಕೊರಳಿಗೆ ಕ್ಯಾಮೆರಾದ ಪಟ್ಟಿ ಇರಲಿಲ್ಲ. ಪಲ್ಲವಿ ಬಾಸಿಂಗದ ಕೆಳಗಿನಿಂದ ಅವಳನ್ನು ನೋಡಿ ಕಣ್ಣು ಮಿಟುಕಿಸಿದಳು. ಹೇಮಾವತಿಗೆ ಎದೆ ತುಂಬಿ ಬಂತು.

ಮೂರ್ತಪ್ಪನವರು ಮಂಟಪದ ಮುಂದೆ ಕಾಲು ಅಗಲಿಸಿ ನಿಂತಿದ್ದರು. "ಮೊಬೈಲು ಇಳಿಸ್ರಿ ಎಲ್ಲ, ನಂಗೆ ಅಡ್ಡ ಬರ್ತವೆ. ನಿಮಗೆಲ್ಲ ಆಲ್ಬಂ ಸಿಗ್ತೈತೆ" ಅಂತ ಗದರಿ ಜನರನ್ನು ಹಿಂದಕ್ಕೆ ಕಳಿಸಿದರು. ಕ್ಯಾಮೆರಾ ಎತ್ತಿದರು. ಎಡಗೈ ಲೆನ್ಸಿನ ಮೇಲೆ ಓಡಾಡಿತು. ಟೇಪು ಬೆರಳಿಗೆ ಸಿಕ್ಕಿತು. ಅದನ್ನು ಸುಲಿದು, ಉಂಡೆ ಮಾಡಿ, ಜೇಬಿಗೆ ಹಾಕಿಕೊಂಡು, ಸ್ವಿಚ್ಚನ್ನು ಕೆಳಕ್ಕೆಳೆದರು. ಆಮೇಲೆ ಸೊಸೆಯ ಕಡೆ ಗುರಿಯಿಟ್ಟು ಲೆನ್ಸನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ಮತ್ತೆ ಎಡಕ್ಕೆ. "ಹೇಮಮ್ಮ, ಇತ್ತ ನೋಡು. ಹಾಂ" ಅಂದರು. ಫ್ಲಾಶ್ ಏಳೆಂಟು ಸಲ ಬೆಳಗಿತು. ಹೇಮಾವತಿ ನಕ್ಕಳು. ಫೋಟೊ ಬರುವುದಿಲ್ಲ ಅಂತ ಗೊತ್ತಿದ್ದೂ ನಕ್ಕಳು.

ಜೀರಿಗೆ ಬೆಲ್ಲದ ಶಾಸ್ತ್ರ ಮುಗಿಯಿತು. ನಾಗರಾಜನ ಸೋದರಮಾವ ಪಾಲಯ್ಯ ಅನ್ನುವವರು ಕುತೂಹಲದ ಮನುಷ್ಯ, ಮೂರ್ತಪ್ಪನವರ ಭುಜದ ಮೇಲಿಂದ ಕ್ಯಾಮೆರಾದ ಹಿಂದಿನ ಪರದೆಯನ್ನು ಬಗ್ಗಿ ನೋಡಿದರು.

"ಇದೇನ್ರಿ ಯಜಮಾನ್ರೆ, ಎಲ್ಲ ಮಸಮಸುಕು ಐತಲ್ಲ?"

"ಧೂಪದ ಹೊಗೆ ಕಣ್ರಿ" ಅಂದರು ಮೂರ್ತಪ್ಪ.

ಅಲ್ಲಿ ಧೂಪವೇ ಇರಲಿಲ್ಲ. ಪಾಲಯ್ಯ ಹುಬ್ಬು ಗಂಟಿಕ್ಕಿ ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಮೊದಲ ಸಾಲಿನಲ್ಲಿ ಕೂತಿದ್ದ ಏಕಾಂತಮ್ಮ ಎದ್ದರು. ಸೀದಾ ಮಂಟಪ ಹತ್ತಿ ಸೊಸೆಯ ಮುಂದೆ ನಿಂತು ಎರಡೂ ಕೈ ಚಾಚಿದರು.

"ಕೊಡು ಇತ್ತ."

"ಇಲ್ಲ ಅತ್ತೆ. ಇದೊಂದು ದಿವ್ಸ" ಅಂದಳು ಹೇಮಾವತಿ. ದನಿ ಅವಳಿಗೇ ಕೇಳಿಸಲಿಲ್ಲ.

"ಗಟ್ಟಿಮೇಳ ಇನ್ನೇನು ಬಂತು. ನಿನ್ನ ತಂಗಿ ತಾಳಿ ಕಟ್ಟಿಸ್ಕೊಂಡಿದ್ದಕ್ಕೆ ಒಂದು ಫೋಟೊನೂ ಇರಲ್ಲ ನೋಡು. ಆ ಮನುಷ್ಯನ ಮಾನ ಹಿರಿಯೂರ್‍ನಾಗೇ ಹೋಗ್ತೈತೆ. ಕೊಡವ್ವ, ನಿನ್ನ ದಮ್ಮಯ್ಯ."

ಹೇಮಾವತಿ ಕೆಳಗೆ ನೋಡಿದಳು. ಮಾವ ಲೆನ್ಸನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಲೇ ಇದ್ದರು, ಕತ್ತನ್ನು ಒಂದು ಕಡೆಗೆ ವಾಲಿಸಿಕೊಂಡು. ಅಪ್ಪ ಮುರುಗಪ್ಪ ಅವರ ಪಕ್ಕದಲ್ಲೇ ಹೆಮ್ಮೆಯಿಂದ ನಿಂತಿದ್ದರು. ಅವಳು ಕಳಸ ಕೊಟ್ಟಳು.

"ಯಾಕೆ, ಏನಾತು?" ಅಂದರು ಚಿಕ್ಕಮ್ಮ.

"ತಲೆ ಸುತ್ತು ಬರ್ತೈತಂತೆ" ಅಂದರು ಏಕಾಂತಮ್ಮ.

ಪಲ್ಲವಿ ತಿರುಗಿದಾಗ ಪಕ್ಕದಲ್ಲಿ ಅಕ್ಕ ಇರಲಿಲ್ಲ. ವಾಲಗ ಜೋರಾಯಿತು, ನಾಗರಾಜ್ ತಾಳಿ ಎತ್ತಿದ. ಆಗ ಅಕ್ಕ ಕಂಡಳು. ಮಂಟಪದ ಮೂಲೆಯಲ್ಲಿ ಮಂಡಿಯೂರಿ, ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮುಖಕ್ಕೆ ಎರಡನೇ ಕ್ಯಾಮೆರಾ ಹಿಡಿದಿದ್ದಳು. ಪಲ್ಲವಿಯ ಕಣ್ಣು ತುಂಬಿತು. ಆ ಫೋಟೊ ಅದ್ಭುತವಾಗಿ ಬಂತು. ತಾಳಿ ಕಟ್ಟುವಾಗ ಕಣ್ಣೀರು ತುಂಬಿದ ಮದುಮಗಳು, ರೆಪ್ಪೆಯ ಕೂದಲೂ ಎಣಿಸುವಷ್ಟು ಸ್ಪಷ್ಟ.

"ತಲೆ ಸುತ್ತು ಬಂದೋಳು ಕ್ಯಾಮೆರಾ ಹಿಡ್ಕೊಂಡವ್ಳಲ್ಲೇ" ಅಂದರು ಹೆಂಗಸರ ಸಾಲಿನಲ್ಲಿ ಯಾರೋ. "ಮಾವನ ಮನೆ ಕಸುಬು ಒಂದಿನನೂ ಬಿಡಲ್ಲ ನೋಡು."

ಮೂರ್ತಪ್ಪನವರು, "ಯಾಕಮ್ಮ ಇಳಿದ್ಬಂದೆ?" ಅಂದರು.

"ಪಕ್ಕದಿಂದನೂ ಒಂದೆರಡು ಇರ್‍ಲಿ ಅಂತ ಮಾವ."

ಊಟಕ್ಕೆ ಕೂತಾಗ ಪಲ್ಲವಿ ಎಲ್ಲರಿಗೂ ಹೋಳಿಗೆ ತುತ್ತು ಕೊಟ್ಟಳು, ಅಕ್ಕನಿಗೂ ಕೊಟ್ಟಳು, ಮಾತು ಮಾತ್ರ ಆಡಲಿಲ್ಲ. ಹೇಮಾವತಿ ಇದ್ದದ್ದನ್ನು ಹೇಳಲು ಬಾಯಿ ತೆರೆದರೆ ಪಕ್ಕದ ಎಲೆಯಲ್ಲೇ ಮಾವ ಇದ್ದರು, ಪಾಯಸವನ್ನು ಎಲೆಯ ಅಂಚಿನಾಚೆ ಹುಡುಕುತ್ತಾ.

ಮದುವೆಯಾದ ಎರಡನೇ ದಿನಕ್ಕೇ ಭರಮಸಾಗರದಲ್ಲಿ ಇನ್ನೊಂದು ಮದುವೆ ಇತ್ತು. ಕಾರ್ಡು ಖಾಲಿ ಬೇಕು. ಬೆಳಿಗ್ಗೆ ಹೇಮಾವತಿ ಒಲೆಯ ಮೇಲೆ ಅನ್ನಕ್ಕಿಟ್ಟು ಕಂಪ್ಯೂಟರಿನ ಮುಂದೆ ಕೂತಳು. ತನ್ನ ಕಾರ್ಡಿನದ್ದನ್ನೆಲ್ಲ ಒಳಗೆ ಹಾಕಿಕೊಂಡಳು. ಮಾವನದ್ದು ಹಾಕಿದಳು. ಸಣ್ಣ ಸಣ್ಣ ಚೌಕಗಳಲ್ಲಿ ಮಂಜೇ ಮಂಜು. ಯಾವಾಗಿನ ಹಾಗೆ ಒಟ್ಟಿಗೆ ಆರಿಸಿದಳು, ಅಳಿಸಿದಳು, ಖಾಲಿಯಾದ ಕಾರ್ಡನ್ನು ಬ್ಯಾಗಿಗೆ ಸೇರಿಸಿದಳು. ಅನ್ನ ಉಕ್ಕಿದ ಸದ್ದಾಯಿತು, ಎದ್ದು ಓಡಿದಳು.

ಜೂನ್ ಮೊದಲ ವಾರ ಆಲ್ಬಂ ಬಂತು. ಹೊಸ ಗಂಡ ಹೆಂಡತಿಯನ್ನು ಮುರುಗಪ್ಪನವರ ಸಮೇತ ಊಟಕ್ಕೆ ಕರೆದರು. ಚಪಾತಿ, ಮಾವಿನಹಣ್ಣಿನ ಸೀಕರಣೆ, ಕೋಸಂಬರಿ. ಊಟದ ನಡುವೆಯೇ ಮೂರ್ತಪ್ಪನವರಿಗೆ ತಡೆಯಲಾಗಲಿಲ್ಲ, ಕೈ ತೊಳೆದು ಬಂದು ಆಲ್ಬಂ ಬಿಚ್ಚಿದರು. ತಾಳಿಯ ಫೋಟೊ ಎರಡು ಪುಟ ತುಂಬ ಹರಡಿತ್ತು. ಅವರು ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದರು.

"ಮುರುಗಪ್ಪನೋರೆ, ಈ ಕಣ್ಣೀರು ನೋಡ್ರಿ. ಪೊರೆ ಬಂದೈತೆ, ಕುಯ್ಯಬೇಕು ಅಂತಾರೆ ಡಾಕ್ಟ್ರು. ಪೊರೆ ಬಂದ ಕಣ್ಣಾಗೆ ಇಂಥದ್ದು ತೆಗಿಯೋಕಾಗ್ತೈತಾ, ನೀವೇ ಹೇಳ್ರಿ."

"ಎಲ್ಲಾದ್ರೂ ಉಂಟೇನ್ರಿ" ಅಂದರು ಮುರುಗಪ್ಪ, ಏನೂ ತಿಳಿಯದ ಮನುಷ್ಯ.

"ಅದೇ ನಾನೂ ಹೇಳೋದು. ಚೇತು, ಆ ಆಸ್ಪತ್ರೆಗೆ ಫೋನ್ ಮಾಡಿ ಬ್ಯಾಡ ಅಂತ ಹೇಳ್ಬಿಡು. ಶ್ರಾವಣಕ್ಕೆ ಹೊಳಲ್ಕೆರೆದು ಎರಡು ಮದುವೆ ಒಪ್ಕೊಂಡಿದೀನಿ. ನಾನೇ ತೆಗಿತೀನಿ ಅಂತ ಮಾತು ಕೊಟ್ಟಾಗೈತೆ."

ಚೇತನ್ ಮೊಬೈಲು ನೋಡಿದ. ಏಕಾಂತಮ್ಮ ಯಾರೂ ಕೇಳದಿದ್ದರೂ ನಾಗರಾಜನ ತಟ್ಟೆಗೆ ಇನ್ನೊಂದು ಸೌಟು ಸೀಕರಣೆ ಸುರಿದರು.

ಪಲ್ಲವಿ ಪುಟ ತಿರುಗಿಸುತ್ತಿದ್ದಳು. ಮೊದಲಿನಿಂದ ಕೊನೆಗೆ, ಮತ್ತೆ ಕೊನೆಯಿಂದ ಮೊದಲಿಗೆ. ಕಳಸ ಇದ್ದಲ್ಲೆಲ್ಲ ಏಕಾಂತಮ್ಮ ಇದ್ದರು.

"ಅಕ್ಕ, ನೀನೆಲ್ಲಿ?"

ಹೇಮಾವತಿ ಜಗ್ಗು ಎತ್ತಿಕೊಂಡು ಲೋಟಗಳಿಗೆ ನೀರು ಹಾಕತೊಡಗಿದಳು.

"ಎಲ್ಲಾರ ಮೊಬೈಲು ಹುಡುಕ್ದೆ. ಒಂದ್ರಾಗೆ ನಿನ್ನ ಮೊಣಕೈ ಐತೆ, ಇನ್ನೊಂದ್ರಾಗೆ ಹಸಿರು ಸೆರಗು. ನೀನು ಅರ್ಧ ಗಂಟೆನಾದ್ರೂ ನನ್ನ ಪಕ್ಕ ನಿಂತಿದ್ದೆಯಲ್ಲ? ಅದೊಂದು ಕೊಡು, ನಂಗೆ ಸಾಕು. ಬಿಟ್ಟು ಹೋಗಿದ್ದನ್ನ ಮರೀತೀನಿ."

"ಇರ್ಲೇಬೇಕಲ್ಲ" ಅಂದರು ಮೂರ್ತಪ್ಪ. "ನಾನು ತೆಗ್ದಿದೀನಿ ಕಣಮ್ಮ, ಸಾಲಾಗಿ ಏಳೆಂಟು. ಇತ್ತ ನೋಡು ಅಂದೆ, ಹೇಮಮ್ಮ ನೋಡಿ ನಕ್ಕಳು. ಹಸಿರು ಸೀರೆ, ಕಳಸ. ಇನ್ನೂ ನನ್ನ ಕಣ್ಣಾಗೇ ಐತೆ. ಎಲ್ಲೋದ್ವು ಹೇಮಮ್ಮ?"

ಆಗ ಹೇಮಾವತಿಗೆ ಆ ಬೆಳಿಗ್ಗೆ ನೆನಪಾಯಿತು. ಉಕ್ಕಿದ ಅನ್ನ, ಮಂಜಿನ ಚೌಕಗಳು, ಅವುಗಳಲ್ಲೊಂದು ಸಾಲು ಹಸಿರು. ತೆರೆದು ಕೂಡ ನೋಡಿರಲಿಲ್ಲ. ಮಸುಕಾದರೇನು, ತಂಗಿಯ ಪಕ್ಕದಲ್ಲಿ ತಾನಿದ್ದೆ ಅನ್ನುವುದಕ್ಕೆ ಇದ್ದದ್ದು ಅದೊಂದೇ. ಅದನ್ನು ತಾನೇ, ತನ್ನ ಕೈಯಾರೆ ಅಳಿಸಿದ್ದಳು. ಯಾಕೆ ಅಳಿಸಿದೆ ಅಂತ ಹೇಳಹೊರಟರೆ ಒಂದೂವರೆ ವರ್ಷದ ಎಲ್ಲವನ್ನೂ ಹೇಳಬೇಕು. ಅತ್ತೆ ಸೌಟು ಹಿಡಿದು ನಿಂತೇ ಇದ್ದರು. ಗಂಡ ಮೊಬೈಲಿನಿಂದ ತಲೆ ಎತ್ತಿ ಅವಳನ್ನೇ ನೋಡುತ್ತಿದ್ದ.

"ಕೈತಪ್ಪಿ ಅಳಿಸಿಹೋದ್ವು ಮಾವ" ಅಂದಳು. "ನಂದೇ ತಪ್ಪು."

ಪಲ್ಲವಿ ಆಲ್ಬಂ ಮುಚ್ಚಿ ಗಂಡನ ಕೈಗೆ ಕೊಟ್ಟಳು. "ಹೊತ್ತಾಗ್ತೈತೆ, ಹೋಗಾಣ" ಅಂದಳು ಅವನಿಗೆ.

"ಕಂಪ್ಯೂಟರ್‌ನಾಗೆ ಕೆಲ್ಸ ಮಾಡೋವಾಗ ಗಮನ ಇಟ್ಟು ಮಾಡ್ಬೇಕಮ್ಮ" ಅಂದರು ಮೂರ್ತಪ್ಪ. ಬೈಗುಳ ಅಲ್ಲ, ಮಗಳಿಗೆ ಹೇಳುವ ಹಾಗೆ ಮೆತ್ತಗೆ ಅಂದರು. "ತೆಗಿಯೋನು ಎಷ್ಟು ಚೆನ್ನಾಗಿ ತೆಗೆದ್ರೇನು, ಉಳಿಸ್ಕೋಬೇಕಲ್ಲ? ಹೋಗ್ಲಿ ಬಿಡು, ಬೇಜಾರು ಮಾಡ್ಕೋಬ್ಯಾಡ. ಪಲ್ಲವಿ ಸೀಮಂತಕ್ಕೆ ನಿಂದು ನಾನೇ ತೆಗಿತೀನಿ."

"ಹೂಂ ಮಾವ" ಅಂದಳು ಹೇಮಾವತಿ.

ಬೀಗರನ್ನು ಬಸ್ಸು ಹತ್ತಿಸಲು ಎಲ್ಲರೂ ಹೋದರು. ಅವಳು ಎಂಜಲು ತಟ್ಟೆಗಳನ್ನು ಎತ್ತಿ, ನೆಲ ಒರೆಸಿ, ನಾಳೆಯ ಗೃಹಪ್ರವೇಶಕ್ಕೆ ಮಾವನ ಬ್ಯಾಗು ಜೋಡಿಸಿದಳು. ಖಾಲಿ ಕಾರ್ಡು ಹಾಕಿದಳು. ಲೆನ್ಸಿನ ಸ್ವಿಚ್ಚನ್ನು ಮೇಲಕ್ಕೆ ತಳ್ಳಿದಳು. ಆಮೇಲೆ ಎರಡನೇ ಕ್ಯಾಮೆರಾ ತೆಗೆದು, ಅದರ ಪಟ್ಟಿಯನ್ನು ತನ್ನ ಕೊರಳಿನ ಅಳತೆಗೆ ಸರಿಮಾಡಿಕೊಂಡಳು.